ವಯಸ್ಸು ಸಡಿಲ ಮಾಡಿದ್ರ ಮಾರ್ಕ್ಸ್ ಹೆಚ್ಚಾಗ್ತಾವೇನು?



ಪೋಸ್ಟ್ ಸ್ವಲ್ಪ ಉದ್ದ ಅದ. ನೌಕರಿಗೆ ಓದೋ ಮಕ್ಕಳು ಮನ್ಯಾಗ ಇದ್ರ ಪೂರ್ತಿ ಓದ್ರಿ.

ಮೊನ್ನೆ ಐತವಾರ ದೇವರ ಹಿಪ್ಪರಗಿಯ ನಮ್ಮ ಓಣಿ ಹುಡುಗಿಯೊಬ್ಬಳು ಮನಿಗೆ ಬಂದಿದ್ದಳು. ವಯಸ್ಸು 28. ಸ್ಟಾಫ್ ಸೆಲೆಕ್ಷನ್ ಕಮಿಷನ್‌ನ ಪಿಯುಸಿ ಮಟ್ಟದ ಕ್ಲರ್ಕ್ ಪರೀಕ್ಷೆಗೆ ಓದ್ತಿದ್ದಾಳೆ. "ಕಾಕಾ, ಫಾರ್ಮ್‌ನ್ಯಾಗ ವಯಸ್ಸಿನ ಸಡಿಲಿಕೆ ಬೇಕೇನು ಅಂತ ಕೇಳ್ತಾರ. ಹೌದು ಅಂತ ಹಾಕಿದ್ರ ಎಷ್ಟೇ ಮಾರ್ಕ್ಸ್ ಬಂದ್ರೂ ಜನರಲ್ ಸೀಟಿಗೆ ಹಿಡಿಯಂಗಿಲ್ಲಂತ. ಖರೇನಾ?" ಅಂದಳು.

ಖರೆ ಅದವ್ವಾ ಅಂದೆ. ಆಕೆ ಮುಂದಿನ ಪ್ರಶ್ನೆ ಕೇಳಿದಳು: "ವಯಸ್ಸು ಸಡಿಲ ಮಾಡಿದ್ರ ನನ್ನ ಮಾರ್ಕ್ಸ್ ಹೆಚ್ಚಾಗ್ತಾವೇನು?"

ನಾನೂ ಒಬ್ಬ ಕ್ಲರ್ಕು. ಇಪ್ಪತ್ತು ವರ್ಷದಿಂದ ಫೈಲು ನೋಡಿದವನು. ಆದ್ರೂ ಆ ಪ್ರಶ್ನೆಗೆ ಒಂದೇ ಮಾತಿನಾಗ ಉತ್ತರ ಕೊಡಾಕ ಆಗಲಿಲ್ಲ. ಅದಕ್ಕೇ ಇದನ್ನ ಬರೀತಿದ್ದೇನೆ.

ಆ ಪರೀಕ್ಷೆಗೆ ಜನರಲ್‌ನವರಿಗೆ ವಯೋಮಿತಿ 27, ಎಸ್ಸಿ-ಎಸ್ಟಿಗೆ 5 ವರ್ಷ ಸಡಿಲಿಕೆ ಸೇರಿ 32. ಈ ಹುಡುಗಿ ತಡವಾಗಿದ್ದು ಯಾಕ? ಅವ್ವ-ಅಪ್ಪ ವರ್ಷಾ ಕಬ್ಬು ಕಡಿಯಾಕ ಮಹಾರಾಷ್ಟ್ರಕ್ಕೆ ಹೋಗ್ತಿದ್ರು. ಈಕೆ ತಮ್ಮಂದಿರನ್ನ ನೋಡ್ಕೊಂಡು ಎರಡು ಸಲ ಶಾಲೆ ಬಿಟ್ಟು ಮತ್ತೆ ಸೇರಿದಳು. ಆ 5 ವರ್ಷ ಬಹುಮಾನ ಅಲ್ಲ, ಕಳಕೊಂಡ ವರ್ಷಗಳ ಲೆಕ್ಕ. ಆದ್ರ ಪರೀಕ್ಷಾ ಹಾಲ್‌ನ್ಯಾಗ ಈಕೆಗೆ ಬೇರೆ ಪ್ರಶ್ನೆಪತ್ರಿಕೆ ಕೊಡಂಗಿಲ್ಲ, ಹೆಚ್ಚಿನ ಟೈಮೂ ಕೊಡಂಗಿಲ್ಲ. ಜನರಲ್ ಕಟ್-ಆಫ್ ದಾಟಿದ್ರ ಅದು ಪೂರ್ತಿ ಆಕೆಯ ದುಡಿಮೆ.

ಹಂಗಾದ್ರ ತಡೆಯೋದು ಯಾವುದು? ಸಂವಿಧಾನವೂ ಅಲ್ಲ, ಪಾರ್ಲಿಮೆಂಟಿನ ಕಾಯ್ದೆಯೂ ಅಲ್ಲ. ಕೇಂದ್ರದ ಸಿಬ್ಬಂದಿ ಇಲಾಖೆ 1998ರ ಜುಲೈ 1ರಂದು ಹೊರಡಿಸಿದ ಒಂದು ಮೆಮೊ. ವಯಸ್ಸು, ಅನುಭವ, ವಿದ್ಯಾರ್ಹತೆ, ಪರೀಕ್ಷೆ ಬರೆಯುವ ಸಲಗಳು, ಇಂಥದ್ರಾಗ ಸಡಿಲಿಕೆ ಪಡೆದವರನ್ನ ಮೀಸಲಲ್ಲದ ಹುದ್ದೆಗೆ ಪರಿಗಣಿಸಬಾರದು ಅಂತ ಅದು ಹೇಳ್ತದ.

ಕೋರ್ಟು ಏನಂದಿದೆ ನೋಡ್ರಿ. 2010ರಲ್ಲಿ ಉತ್ತರ ಪ್ರದೇಶದ ಜಿತೇಂದ್ರ ಕುಮಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ವಯಸ್ಸು ಮತ್ತು ಫೀಜಿನ ರಿಯಾಯಿತಿ ಅಭ್ಯರ್ಥಿಯನ್ನ ಸ್ಪರ್ಧೆಗೆ ತಂದು ನಿಲ್ಲಿಸುತ್ತದೆ ಅಷ್ಟೇ, ಮೆರಿಟ್‌ನಲ್ಲಿ ಬಂದ್ರ ಜನರಲ್ ಸೀಟಿಗೆ ಹಿಡೀಬಹುದು ಅಂತು. ಅಲ್ಲಿನ 1994ರ ಕಾಯ್ದೆ, ಆದೇಶಗಳು ಅದಕ್ಕ ದಾರಿ ಬಿಟ್ಟಿದ್ದವು. 2017ರಲ್ಲಿ ದೀಪಾ ಇ.ವಿ. ಪ್ರಕರಣದಲ್ಲಿ ಇದೇ ಕೋರ್ಟು, ಕೇಂದ್ರದ ಹುದ್ದೆಗೆ 1998ರ ಮೆಮೊ ಅಡ್ಡ ಬರ್ತದ ಅಂತು. 2025ರ ಸೆಪ್ಟೆಂಬರ್‌ನಲ್ಲಿ ಕಾನ್‌ಸ್ಟೇಬಲ್ ನೇಮಕಾತಿಯ ಒಬಿಸಿ ಅಭ್ಯರ್ಥಿಗಳಿಗೂ ಅದನ್ನೇ ಹೇಳಿತು. ಇವುಗಳ ಸಾರ ಒಂದೇ: ನಿಯಮ ಬಿಟ್ಟರೆ ಬರಬಹುದು, ನಿಯಮ ತಡೆದರೆ ಇಲ್ಲ.

ಈ ವರ್ಷ ಜನವರಿಯಲ್ಲಿ ಬಂದ ತೀರ್ಪು ನಮ್ಮ ರಾಜ್ಯದ್ದೇ. 2013ರ ಅರಣ್ಯ ಸೇವೆ (ಐಎಫ್‌ಎಸ್) ಪರೀಕ್ಷೆ. ಎಸ್ಸಿ ಅಭ್ಯರ್ಥಿಯೊಬ್ಬರು ಪ್ರಿಲಿಮ್ಸ್ ಅನ್ನ ಎಸ್ಸಿ ಕಟ್-ಆಫ್ ಮೇಲೆ ದಾಟಿದ್ರು. ಜನರಲ್ ಕಟ್-ಆಫ್ 267 ಇತ್ತು, ಅವರಿಗೆ ಬಂದದ್ದು 247.18. ಆದ್ರ ಮೇನ್ಸ್, ಇಂಟರ್‌ವ್ಯೂ ಮುಗಿದು ಅಂತಿಮ ಪಟ್ಟಿ ಬಂದಾಗ ಅವರ ರ್‍ಯಾಂಕ್ 19, ಜನರಲ್ ಅಭ್ಯರ್ಥಿಯದು 37. ಕರ್ನಾಟಕದವರಿಗೆ ಕರ್ನಾಟಕದಾಗ ಇದ್ದದ್ದು ಒಂದೇ ಜನರಲ್ ಹುದ್ದೆ. ಅದು 37ನೇ ರ್‍ಯಾಂಕಿಗೆ ಹೋಯ್ತು. 19ನೇ ರ್‍ಯಾಂಕಿನವರು ತಮಿಳುನಾಡಿಗೆ ಹೋದ್ರು. ಸಿಎಟಿ ಮತ್ತು ಕರ್ನಾಟಕ ಹೈಕೋರ್ಟು ಅವರ ಪರ ಹೇಳಿದ್ದವು. ಸುಪ್ರೀಂ ಕೋರ್ಟು ಅದನ್ನ ರದ್ದು ಮಾಡಿತು. ಯಾವುದೇ ಹಂತದಲ್ಲಿ ಸಡಿಲಿಕೆ ಪಡೆದ್ರ ಜನರಲ್ ಹುದ್ದೆ ಇಲ್ಲ ಅಂತ ಪರೀಕ್ಷಾ ನಿಯಮದಾಗೇ ಅದ ಅಂತು.

"ಪ್ರಿಲಿಮ್ಸ್‌ನ್ಯಾಗ ಕಡಿಮಿ ಮಾರ್ಕ್ಸ್‌ಗೆ ಪಾಸಾದ್ರಲ್ಲ, ಅದು ಲಾಭ ಅಲ್ಲೇನು?" ಅಂತ ಯಾರಾದ್ರೂ ಕೇಳಿದ್ರ, ನ್ಯಾಯವಾದ ಪ್ರಶ್ನೆನೇ. ಹೌದು, ಆ ಬಾಗಿಲು ಅವರಿಗೆ ಸ್ವಲ್ಪ ಅಗಲ ಇತ್ತು. ಆದ್ರ ಪ್ರಿಲಿಮ್ಸ್ ಮಾರ್ಕ್ಸ್ ಅಂತಿಮ ಪಟ್ಟಿಗೆ ಕೂಡಂಗಿಲ್ಲ. ಮೆರಿಟ್ ಅಳೆದ ಜಾಗದಾಗ ಅವರು ಮುಂದಿದ್ರು. ಮತ್ತ ವಯಸ್ಸಿನ ಸಡಿಲಿಕೆಯಲ್ಲಂತೂ ಮಾರ್ಕ್ಸಿನ ಮಾತೇ ಬರಂಗಿಲ್ಲ. ಎರಡನ್ನೂ ಒಂದೇ ತಕ್ಕಡ್ಯಾಗ ಹಾಕೋದು ತಪ್ಪು.

ಈಗ ನಮ್ಮ ರಾಜ್ಯ ನೋಡ್ರಿ. ಒಳಮೀಸಲಾತಿ ತೀರ್ಮಾನ ಆಗೋತನಕ ಹೊಸ ಅಧಿಸೂಚನೆ ಬೇಡ ಅಂತ 2024ರ ಅಕ್ಟೋಬರ್‌ನಲ್ಲಿ ಸಂಪುಟ ತೀರ್ಮಾನ ಮಾಡಿತು. ಒಳಮೀಸಲಾತಿ ನಮ್ಮ ದಶಕಗಳ ಹೋರಾಟ, ಅದರ ಬಗ್ಗೆ ತಕರಾರಿಲ್ಲ. ಆದ್ರ ನೇಮಕಾತಿ ನಿಂತು ಹುಡುಗರ ವಯಸ್ಸು ಮೀರಿತು. ಅದಕ್ಕ ಕಳೆದ ಸೆಪ್ಟೆಂಬರ್‌ನಲ್ಲಿ ಸರ್ಕಾರ ಎಲ್ಲಾ ವರ್ಗಕ್ಕೂ 3 ವರ್ಷ ಸಡಿಲಿಕೆ ಕೊಟ್ಟಿತು. 35 ಇದ್ದ ಜನರಲ್ ಮಿತಿ 38 ಆಯ್ತು, 38 ಇದ್ದ ಒಬಿಸಿ ಮಿತಿ 41, 40 ಇದ್ದ ನಮ್ಮದು 43. ಒಳ್ಳೇದಾಯ್ತು. ಆದ್ರ ಒಂದು ಪ್ರಶ್ನೆ. 37 ವರ್ಷದ ಜನರಲ್ ಅಭ್ಯರ್ಥಿ ಈ ಸಡಿಲಿಕೆಯಿಂದ ನೌಕರಿ ಹಿಡಿದ್ರ ಅವನ ಮೆರಿಟ್ ಕಡಿಮಿ ಆಯ್ತು ಅಂತ ಯಾರಾದ್ರೂ ಅಂತಾರೇನು? ಅನ್ನಂಗಿಲ್ಲ, ಅನ್ನಲೂಬಾರದು. ಸರ್ಕಾರ ತಡ ಮಾಡಿದ್ದಕ್ಕ ಕೊಟ್ಟ ಸಡಿಲಿಕೆ ಪರಿಹಾರ, ಸಮಾಜ ತಡ ಮಾಡಿದ್ದಕ್ಕ ಕೊಟ್ಟ ಸಡಿಲಿಕೆ ಮಾತ್ರ ಕಳಂಕ. ಇದು ಯಾವ ನ್ಯಾಯ?

ಕ್ಲರ್ಕುಗಳ ಹೆಸರಿನ ಮ್ಯಾಲೇ ಈ ವಿಷಯದ ದೊಡ್ಡ ತೀರ್ಪು ಅದ, ನಮ್ಮಲ್ಲಿ ಬಹಳ ಮಂದಿಗೆ ಗೊತ್ತಿಲ್ಲ. ಕೇರಳ ಸರ್ಕಾರ 1972ರಲ್ಲಿ ಎಸ್ಸಿ-ಎಸ್ಟಿ ಗುಮಾಸ್ತರಿಗೆ ಇಲಾಖಾ ಪರೀಕ್ಷೆ ಪಾಸು ಮಾಡಾಕ ಹೆಚ್ಚಿನ ಕಾಲಾವಕಾಶ ಕೊಟ್ಟು ಬಡ್ತಿ ಕೊಟ್ಟಿತು. 51 ಬಡ್ತಿಯಲ್ಲಿ 34 ಅವರಿಗೆ ಹೋದವು. ಪರೀಕ್ಷೆ ಪಾಸಾಗಿದ್ದ ಎನ್.ಎಂ. ಥಾಮಸ್ ಅನ್ನೋ ಗುಮಾಸ್ತರು ಕೋರ್ಟಿಗೆ ಹೋದ್ರು. ಓದಿ ಪಾಸಾದವರ ಬೇಸರ ನನಗೂ ತಿಳೀತದ, ಆ ಪರೀಕ್ಷೆಗಳನ್ನ ನಾನೂ ಬರ್ದೀನಿ. ಹೈಕೋರ್ಟು ಅವರ ಪರ ನಿಂತಿತು. 1975ರಲ್ಲಿ ಸುಪ್ರೀಂ ಕೋರ್ಟಿನ 7 ನ್ಯಾಯಮೂರ್ತಿಗಳ ಪೀಠ 5-2ರ ಬಹುಮತದಿಂದ ಸಡಿಲಿಕೆಯನ್ನ ಎತ್ತಿ ಹಿಡಿಯಿತು. ಸಡಿಲಿಕೆ ಸಮಾನತೆಗೆ ಹೊರತಾದದ್ದಲ್ಲ, ಸಮಾನತೆಗೆ ಹೋಗೋ ದಾರಿ ಅನ್ನೋ ವಿಚಾರ ಅಲ್ಲಿ ಗಟ್ಟಿಯಾಯ್ತು.

1996ರಲ್ಲಿ ಬಡ್ತಿಯ ಅಂಕ ಸಡಿಲಿಕೆ ನಡೆಯಂಗಿಲ್ಲ ಅಂತ ತೀರ್ಪು ಬಂತು. 1997ರಲ್ಲಿ ಕೇಂದ್ರ ಅದನ್ನ ವಾಪಸ್ ತಗೊಂಡಿತು. ದಲಿತ ನೌಕರರು ಸುಮ್ಮನೆ ಕೂಡಲಿಲ್ಲ. 2000ದಲ್ಲಿ 82ನೇ ತಿದ್ದುಪಡಿ ಬಂದು 335ನೇ ವಿಧಿಗೇ ಸಡಿಲಿಕೆಯ ಮಾತು ಸೇರಿತು. ಆಗ ಸಂವಿಧಾನವನ್ನೇ ತಿದ್ದಬೇಕಾಗಿತ್ತು, ತಿದ್ದಿದ್ರು. ಈಗ ತಿದ್ದಬೇಕಾದದ್ದು ಒಂದು ಮೆಮೊ, ಕೆಲವು ಪರೀಕ್ಷಾ ನಿಯಮ. ಅದಕ್ಕ ಕೋರ್ಟನ್ನ ಬೈಕೊಂತ ಕೂಡೋದರಿಂದ ಉಪಯೋಗ ಇಲ್ಲ. ಸಂಸದರ ಮನೆ ಬಾಗಿಲಿಗೆ ಹೋಗಿ ಕೇಳ್ರಿ: 1998ರ ಮೆಮೊದಿಂದ ವಯಸ್ಸನ್ನ ಯಾವಾಗ ತೆಗೀತೀರಿ? ಶಾಸಕರನ್ನ ಕೇಳ್ರಿ: ವಯಸ್ಸು, ಫೀಜಿನ ರಿಯಾಯಿತಿ ಪಡೆದವರು ಮೆರಿಟ್ ಮೇಲೆ ಜನರಲ್‌ಗೆ ಬರಬಹುದು ಅಂತ ರಾಜ್ಯದ ನೇಮಕಾತಿ ನಿಯಮದಾಗ ಎಲ್ಲರಿಗೂ ತಿಳಿಯೋಹಂಗ ಬರೀತೀರೋ ಇಲ್ಲೋ?

ಒಬ್ಬ ಹುಡುಗಿ ಜನರಲ್ ಸೀಟಿಗೆ ಬಂದ್ರ ಎಸ್ಸಿ ಪಟ್ಟಿಯಲ್ಲಿ ಇನ್ನೊಬ್ಬರಿಗೆ ಜಾಗ ಉಳೀತದ. ಆಕೆಯನ್ನ ತಡೆದ್ರ ಇಬ್ಬರ ಪಾಲು ಒಂದಾಗ್ತದ. ನಮ್ಮ ವಿಜಯಪುರ ಜಿಲ್ಲೆಗೆ ಪಕ್ಕದ ಕಲಬುರಗಿಯಂಗ 371ಜೆ ಕೂಡ ಇಲ್ಲ. ಇಲ್ಲಿ ಒಂದೊಂದು ಸೀಟಿಗೂ ಬೆಲೆ ಅದ.

ಓದೋ ಮಕ್ಕಳಿಗೆ ಮೂರು ಮಾತು. ಒಂದು, ಜನರಲ್ ವಯೋಮಿತಿಯೊಳಗ ಇದ್ರ ವಯಸ್ಸಿನ ಸಡಿಲಿಕೆ ಬೇಕು ಅಂತ ಸುಮ್ಮನೆ ಟಿಕ್ ಮಾಡಬ್ಯಾಡ್ರಿ, ಜಾತಿ ಕಾಲಂ ಮಾತ್ರ ತಪ್ಪದೆ ತುಂಬ್ರಿ. ಎರಡು, ವಯಸ್ಸು ಮೀರಿದ್ರ ಹೆದರದೆ ಟಿಕ್ ಮಾಡ್ರಿ, ಇಲ್ಲಂದ್ರ ಅರ್ಜಿನೇ ಬೀಳ್ತದ. ಮೂರು, ಫೀಜಿನ ರಿಯಾಯಿತಿ ಆ ಮೆಮೊದ ಪಟ್ಟಿಯಲ್ಲಿ ಹೆಸರಿಸಿಲ್ಲ, ಆದ್ರೂ ಪ್ರತಿ ಅಧಿಸೂಚನೆ ಪೂರ್ತಿ ಓದ್ರಿ. ಇಂಗ್ಲಿಷ್ ತಿಳೀಲಿಲ್ಲ ಅಂದ್ರ ಐತವಾರ ನಮ್ಮ ಮನಿಗೆ ಬರ್ರಿ, ಕೂತು ಓದೋಣ.

ಆ ಹುಡುಗಿ ಟಿಕ್ ಮಾಡ್ತೀನಿ ಅಂದಳು. "ಎಸ್ಸಿ ಪಟ್ಟ್ಯಾಗ ಬಂದ್ರೂ ಸಾಕು ಕಾಕಾ, ಆದ್ರ ಜನರಲ್ ಕಟ್-ಆಫ್ ದಾಟೇ ಬರ್ತೀನಿ" ಅಂದಳು. ಆಕೆಯ ಪ್ರಶ್ನೆಗೆ ಉತ್ತರ ಕೊಡಬೇಕಾದವರು ದಿಲ್ಲಿಯಲ್ಲಿ, ಬೆಂಗಳೂರಿನಲ್ಲಿ ಇದ್ದಾರ. ಅವರಿಗೆ ಮುಟ್ಟೋತನಕ ಇದನ್ನ ಶೇರ್ ಮಾಡ್ರಿ.

ಜೈ ಭೀಮ್. ಜೈ ಸಂವಿಧಾನ.