ಲೆನ್ಸು ಕೊಳ್ಳುವ ಮುಂಚೆ ನಾಲ್ಕು ಹೆಜ್ಜೆ ಹಿಂದೆ ಸರೀರಿ ಸ್ವಾಮಿ

ಮುಂಬಯಿಯ ನಮ್ಮ ಗೆಳೆಯರ ಗುಂಪಿನಲ್ಲಿ ಯಾರಾದರೂ ಹೊಸ ಕ್ಯಾಮೆರಾ ತಗೊಂಡರೆ ಸಾಕು, ಹಳಬರ ಮಂತ್ರ ಶುರು: "ಮುಖಕ್ಕೆ 85, ಬೆಟ್ಟಕ್ಕೆ ವೈಡು. ಎರಡೂ ತಗೋ, ಉಳಿದದ್ದು ತಾನಾಗೇ ಬರುತ್ತೆ." ಈ ಮಂತ್ರ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತೆ. ಕಾರಣ ಇದೆ, ಕೇಳಿ.

2009ರಲ್ಲಿ ಅಮ್ಮ ಧಾರವಾಡದಿಂದ ನಮ್ಮ ಡೊಂಬಿವಲಿ ಮನೆಗೆ ಬಂದಿದ್ದಳು. ನನ್ನ ಹತ್ತಿರ ಹೊಸ ಕ್ಯಾಮೆರಾ, ಜೊತೆಗೆ ಬಂದ 18-55 ಲೆನ್ಸು. ಅದನ್ನು 18ಕ್ಕೆ ತಿರುಗಿಸಿ ಒಂದೂವರೆ ಅಡಿ ದೂರದಿಂದ ಕ್ಲಿಕ್ಕಿಸಿದೆ. ಮೂಗು ಉಬ್ಬಿತ್ತು, ಕಿವಿ ಹಿಂದೆಲ್ಲೋ ಓಡಿಹೋಗಿತ್ತು. "ಇದು ನಾ ಅಲ್ಲೋಪಾ" ಅಂದಳು. ನಾನು ಲೆನ್ಸಿಗೆ ಬೈದು 85ಕ್ಕೆ ದುಡ್ಡು ಕೂಡಿಸತೊಡಗಿದೆ. ಲೆನ್ಸು ಬಂತು. ಅಷ್ಟರಲ್ಲಿ ಅಮ್ಮ ಇರಲಿಲ್ಲ. ಹಾರ ಹಾಕಿದ ಫೋಟೋ ಯಾರದೋ ಮದುವೆಯ ಗುಂಪುಚಿತ್ರದಿಂದ ಕತ್ತರಿಸಿದ್ದು.

ತಪ್ಪು ಲೆನ್ಸಿನದಲ್ಲ, ನನ್ನ ಕಾಲಿನದು. ಕಿವಿಗಿಂತ ಮೂಗು ಕ್ಯಾಮೆರಾಕ್ಕೆ ನಾಲ್ಕೈದು ಇಂಚು ಹತ್ತಿರ. ಒಂದೂವರೆ ಅಡಿಯಿಂದ ನೋಡಿದಾಗ ಅದು ದೊಡ್ಡ ವ್ಯತ್ಯಾಸ, ಆರಡಿಯಿಂದ ನೋಡಿದರೆ ಲೆಕ್ಕಕ್ಕಿಲ್ಲ. ಮುಖದ ಆಕಾರ ಕೆಡಿಸುವುದು ದೂರ. ಲೆನ್ಸು ಮಾಡುವುದು ಚೌಕಟ್ಟು ಹಾಕುವ ಕೆಲಸ ಅಷ್ಟೇ. ಇನ್ನೊಂದು ತಮಾಷೆ: ನನ್ನ ಕ್ಯಾಮೆರಾದ ಸಣ್ಣ ಸೆನ್ಸರಿನಲ್ಲಿ 55 ಅಂದರೆ ಫುಲ್ ಫ್ರೇಮಿನ ಸುಮಾರು 82ರ ನೋಟ. ಆ ಮಂತ್ರದ 85 ಅವತ್ತೇ ನನ್ನ ಕೈಯಲ್ಲಿತ್ತು! ಆಮೇಲೆ ಕೊಂಡ ಅಸಲಿ 85 ಹಾಕಿದರೆ, ನಮ್ಮ ಹಾಲಿನಲ್ಲಿ ಹಿಂದೆ ಸರಿದೂ ಸರಿದೂ ಬೆನ್ನು ಕಪಾಟಿಗೆ ತಾಗುತ್ತೆ.

ಬೆಟ್ಟದ ಕಥೆಯೂ ಅಷ್ಟೇ. ಮಳೆಗಾಲದಲ್ಲಿ ಮಾಳ್ಶೇಜ್ ಘಾಟಿಗೆ ಹೋಗಿ ವೈಡು ಹಾಕಿ ಹೊಡೆಯಿರಿ: ಅರ್ಧ ಚಿತ್ರ ಖಾಲಿ ರಸ್ತೆ, ಮೇಲೆ ಇರುವೆಗೂಡಿನಂಥ ಗುಡ್ಡ. ಕಾಲಬುಡದಲ್ಲಿ ಬಂಡೆಯೋ ತೊರೆಯೋ ಇದ್ದರೆ ವೈಡು ಸೊಗಸು, ಇಲ್ಲದಿದ್ದರೆ ದಂಡ. ಆನ್ಸೆಲ್ ಆಡಮ್ಸ್ 1941ರಲ್ಲಿ ನ್ಯೂ ಮೆಕ್ಸಿಕೋದ ಹರ್ನಾಂಡೆಜ್‌ನಲ್ಲಿ ತೆಗೆದ ಚಂದ್ರೋದಯದ ಚಿತ್ರ ನೋಡಿದ್ದೀರಲ್ಲ? 8×10 ಇಂಚಿನ ಫಿಲ್ಮಿನ ಮೇಲೆ 23 ಇಂಚಿನ ಲೆನ್ಸು. ಇಂದಿನ ಲೆಕ್ಕದಲ್ಲಿ ಸುಮಾರು 80 ಎಂಎಂ. ಅಂದರೆ ನಮ್ಮವರು "ಮುಖಕ್ಕೆ" ಅನ್ನುವ ಲೆನ್ಸು!

ಹಾಗಂತ ಲೆನ್ಸೇ ಬೇಡ ಅಂತಲ್ಲ. ಕತ್ತಲೆ ಮನೆಯೊಳಗೆ ಎಫ್ 1.8ರ 50, ಎಫ್ 5.6ಕ್ಕಿಂತ ಸುಮಾರು ಹತ್ತು ಪಟ್ಟು ಬೆಳಕು ಕೊಡುತ್ತೆ. ಅದು ನಿಜವಾದ ಲಾಭ, ಬೆಲೆಯೂ ಮೈ ಸುಡುವುದಿಲ್ಲ. ಆದರೆ ಮೊದಲು ನಿಮ್ಮ ಹಳೆಯ ಚಿತ್ರಗಳನ್ನು ತೆಗೆದು ನೋಡಿ. ಯಾವುದು ಎಷ್ಟು ಎಂಎಂನಲ್ಲಿ ತೆಗೆದದ್ದು ಅಂತ ಫೈಲಿನಲ್ಲೇ ಬರೆದಿರುತ್ತೆ. ನಿಮಗೆ ಇಷ್ಟವಾದ ಲೆನ್ಸು ಯಾವುದು ಅಂತ ಅದೇ ಹೇಳುತ್ತೆ, ಗುಂಪಿನ ಹಿರಿಯರಲ್ಲ.

ಮುಂದಿನ ಸಲ ಊರಿಗೆ ಹೋದಾಗ ಇರುವ ಲೆನ್ಸನ್ನೇ ಹಾಕಿಕೊಂಡು, ಅಮ್ಮನನ್ನು ಕಿಟಕಿ ಪಕ್ಕ ಕೂರಿಸಿ, ಆರಡಿ ದೂರ ನಿಲ್ಲಿ. ದುಡ್ಡು ಕೂಡಿಸುತ್ತಾ ಕೂರಬೇಡಿ. ಏನಂತೀರಿ?