ತನಿಖೆ ಆಗಲಿ, ಆದ್ರೆ ಅವರದ್ದು ಮಾತ್ರ!

1/7
(ಫೋಟೋ: ಜಗನ್ಮೋಹನ ಅರಮನೆ. ಯಾಕೆ ಅಂತ ಕೊನೇಲಿ ಹೇಳ್ತೀನಿ.)

ಹೋದ ಪೋಸ್ಟ್ ಕೆಳಗೆ ನಮ್ಮ ಕ್ಲಾಸಿನ ಇಬ್ಬರು ಕಿತ್ತಾಡಿದ್ದನ್ನ ನೀವೆಲ್ಲ ಓದಿದ್ದೀರಿ. ಒಬ್ಬ "ನ್ಯಾಯಾಂಗ ತನಿಖೆ ಆಗಲೇಬೇಕು" ಅಂದ. ಇನ್ನೊಬ್ಬ "ಅದೆಲ್ಲ ನಾಟಕ, ಪೊಲೀಸರು ನೋಡ್ಕೋತಾರೆ" ಅಂದ. ಇಬ್ಬರೂ ನನಗೆ ಬೇಕಾದವರೇ. ಒಂದೇ ತಟ್ಟೆಯಲ್ಲಿ ಮಸಾಲೆ ಪುರಿ ತಿಂದವರು.

ಸುಮ್ಮನಿರಲಾರದೆ ಪಿಯುಸಿ ಕಾಲದ ಹಳೇ ಗ್ರೂಪ್ ಚಾಟ್ ತೆಗೆದು ನೋಡಿದೆ. ಆಗ ರಾಜ್ಯದಲ್ಲಿ ಬೇರೆ ಸರ್ಕಾರ, ಬೇರೆ ಗಲಭೆ. ಈಗ ತನಿಖೆ ಕೇಳ್ತಿರೋನು ಆಗ "ನಾಟಕ" ಅಂದಿದ್ದ. ಈಗ ನಾಟಕ ಅನ್ನೋನು ಆಗ "ತನಿಖೆ ಯಾಕಿಲ್ಲ" ಅಂತ ಸ್ಟೇಟಸ್ ಹಾಕಿದ್ದ. ನಗು ಬಂತು. ಆಮೇಲೆ ಅದೇ ಚಾಟ್‌ನಲ್ಲಿ ನನ್ನದೂ ಒಂದು ಮೆಸೇಜ್ ಸಿಕ್ತು. ಸತ್ತವರು ಯಾರ ಕಡೆಯವರು ಅಂತ ಮೊದಲು ಕೇಳಿದ್ದೆ. ನಗು ನಿಂತುಹೋಯ್ತು.

ಹಾಗಾಗಿ ಈ ಸರಣಿ. ನಿಮಗೆ ಬುದ್ಧಿ ಹೇಳೋಕಲ್ಲ, ಆ ಮೆಸೇಜ್ ಕಳಿಸಿದ ನನಗೂ ಸೇರಿಸಿ.

2/7
2020ರ ಡಿಸೆಂಬರ್ 15ಕ್ಕೆ ಹೋಗೋಣ. ಜಾಗ: ವಿಧಾನಸೌಧ, ವಿಧಾನ ಪರಿಷತ್ತು. ಹಿರಿಯರ ಮನೆ, ಚಿಂತಕರ ಚಾವಡಿ ಅಂತೆಲ್ಲ ಕರೀತಾರಲ್ಲ, ಅದೇ.

ಸಭಾಪತಿ ಕಾಂಗ್ರೆಸ್ಸಿನ ಕೆ. ಪ್ರತಾಪಚಂದ್ರ ಶೆಟ್ಟಿ. ಅವರನ್ನ ಇಳಿಸಬೇಕು ಅಂತ ಆಗಿನ ಆಡಳಿತ ಪಕ್ಷ ಬಿಜೆಪಿ ಅವಿಶ್ವಾಸದ ನೋಟಿಸ್ ಕೊಟ್ಟಿತ್ತು. ಜೆಡಿಎಸ್ ಬಿಜೆಪಿ ಜೊತೆ ನಿಂತಿತ್ತು. ಅವತ್ತು ಸಭಾಪತಿ ಒಳಗೆ ಬರೋ ಮೊದಲೇ ಉಪಸಭಾಪತಿ, ಜೆಡಿಎಸ್‌ನ ಎಸ್.ಎಲ್. ಧರ್ಮೇಗೌಡರು ಪೀಠದಲ್ಲಿ ಕೂತರು. ಕಾಂಗ್ರೆಸ್ ಸದಸ್ಯರು ಅವರನ್ನ ಹಿಡಿದು ಕೆಳಗೆ ಎಳೆದರು. ಸಭಾಪತಿ ಬರೋ ಬಾಗಿಲನ್ನ ಬಿಜೆಪಿಯವರು ಮುಚ್ಚಿದರು ಅಂತ ಕಾಂಗ್ರೆಸ್ ದೂರಿತು. ಪೀಠಕ್ಕೇ ಕೈ ಹಾಕಿದರು ಅಂತ ಬಿಜೆಪಿ ದೂರಿತು. ತಳ್ಳಾಟ, ನೂಕಾಟ ಎಲ್ಲ ಟಿವಿಯಲ್ಲಿ ಬಂತು. ನಾವು ಮೀಮ್ ಮಾಡಿ ಹಂಚಿದ್ವಿ. ನೆನಪಿದೆ ತಾನೇ?

ಎರಡು ವಾರವೂ ಕಳೆದಿರಲಿಲ್ಲ. ಡಿಸೆಂಬರ್ 29ರ ಬೆಳಗಿನ ಸುದ್ದಿ: ಕಡೂರು ತಾಲ್ಲೂಕಿನ ರೈಲು ಹಳಿ ಮೇಲೆ ಧರ್ಮೇಗೌಡರ ಶವ. ಒಬ್ಬ ಮನುಷ್ಯ ಯಾಕೆ ಅಂಥ ತೀರ್ಮಾನಕ್ಕೆ ಬರ್ತಾನೆ ಅಂತ ಹೊರಗೆ ನಿಂತು ಹೇಳೋಕೆ ಆಗಲ್ಲ, ಹೇಳಲೂಬಾರದು. ಆದ್ರೆ ನಾವು ನಕ್ಕ ವಿಡಿಯೋದಲ್ಲಿ ಇದ್ದವರು ಅವರು. ಅದು ನನಗೆ ಮರೆಯೋಕಾಗ್ತಿಲ್ಲ.

3/7
ಸರಿ, ತನಿಖೆ ಏನಾಯ್ತು?

ಉನ್ನತ ಮಟ್ಟದ ಸ್ವತಂತ್ರ ತನಿಖೆ ಆಗಲಿ ಅಂತ ಲೋಕಸಭಾ ಸ್ಪೀಕರ್ ಓಂ ಬಿರ್ಲಾ ಹೇಳಿದರು. ಇಲ್ಲಿ ಸಭಾಪತಿಯವರು ಸದನ ಸಮಿತಿ ರಚಿಸಿದರು. ಅಧ್ಯಕ್ಷರು ಮರಿತಿಬ್ಬೇಗೌಡ. ದಕ್ಷಿಣ ಶಿಕ್ಷಕರ ಕ್ಷೇತ್ರದಿಂದ ಬಂದವರು, ಅಂದ್ರೆ ಮೈಸೂರಿನ ನಮ್ಮ ಮೇಷ್ಟ್ರುಗಳು ಮೇಡಂಗಳು ವೋಟ್ ಹಾಕಿ ಕಳಿಸಿದವರು. ಸಮಿತಿಯಲ್ಲಿ ಮೂರೂ ಪಕ್ಷದವರ ಹೆಸರಿತ್ತು. ಬಿಜೆಪಿ ಸದಸ್ಯರು ಹೊರಗುಳಿದರು.

ಅವರ ಅನುಮಾನಕ್ಕೆ ಅರ್ಥವೇ ಇರಲಿಲ್ಲ ಅಂತ ನಾನು ಹೇಳಲ್ಲ. ಗಲಾಟೆ ಶುರುವಾಗಿದ್ದೇ ಸಭಾಪತಿ ಸ್ಥಾನದ ಮೇಲೆ. ಅದೇ ಸಭಾಪತಿ ನೇಮಿಸಿದ ಸಮಿತಿಯನ್ನ ಎದುರು ಪಕ್ಷ ನಂಬೋದು ಹೇಗೆ? ಆದ್ರೆ "ಇದು ಬೇಡ, ಇಂಥದ್ದು ಮಾಡಿ, ಅದಕ್ಕೆ ನಾವು ಬರ್ತೀವಿ" ಅಂತ ಎಲ್ಲರೂ ಕೂತು ಇನ್ನೊಂದು ದಾರಿ ಹುಡುಕಲೂ ಇಲ್ಲ.

2021ರ ಜನವರಿಯಲ್ಲಿ ಮಧ್ಯಂತರ ವರದಿ ಬಂತು. ಫೆಬ್ರವರಿಯಲ್ಲಿ ಶೆಟ್ಟರು ರಾಜೀನಾಮೆ ಕೊಟ್ಟರು, ಬಸವರಾಜ ಹೊರಟ್ಟಿ ಸಭಾಪತಿಯಾದರು. ಪೀಠ ಯಾರದ್ದು ಅನ್ನೋ ಪ್ರಶ್ನೆ ಬಗೆಹರೀತು. ಪೀಠದಿಂದ ಒಬ್ಬರನ್ನ ಎಳೆಯೋ ತನಕ ಹೋಗಿದ್ದು ಹೇಗೆ ಅನ್ನೋ ಪ್ರಶ್ನೆ? ಅದರ ಬಗ್ಗೆ ಒಂದು ದಿನದ ಗಂಭೀರ ಚರ್ಚೆ ನಿಮಗ್ಯಾರಿಗಾದ್ರೂ ನೆನಪಿದ್ರೆ ಹೇಳಿ.

4/7
"ನಮ್ಮ ದೇಶನೇ ಹಿಂಗೆ ಬಿಡು ಗುರು" ಅನ್ನೋರಿಗೆ ಈ ಭಾಗ.

2021ರ ಜನವರಿ 6ರಂದು ಅಮೆರಿಕದ ಸಂಸತ್ ಭವನಕ್ಕೆ ಗುಂಪು ನುಗ್ಗಿತು. ಅದರ ತನಿಖೆಗೆ ಹತ್ತು ಜನರ ಸ್ವತಂತ್ರ ಆಯೋಗ ಮಾಡೋಣ, ಎರಡೂ ಪಕ್ಷ ಐದೈದು ಜನರನ್ನ ನೇಮಿಸಲಿ ಅನ್ನೋ ಮಸೂದೆ ಬಂತು. ಸಮಪಾಲು! ಕೆಳಮನೆಯಲ್ಲಿ 252–175 ಮತಗಳಿಂದ ಪಾಸಾಯ್ತು. ಸೆನೆಟ್‌ನಲ್ಲಿ ಪರವಾಗಿ 54, ವಿರುದ್ಧ 35. ಆದ್ರೂ ಬಿದ್ದೋಯ್ತು, ಯಾಕಂದ್ರೆ ಮುಂದಕ್ಕೆ ಹೋಗೋಕೆ 60 ಮತ ಬೇಕಿತ್ತು. ಆಮೇಲೆ ಕೆಳಮನೆಯ ಬಹುಮತದವರು ತಮ್ಮದೇ ಆಯ್ಕೆ ಸಮಿತಿ ಮಾಡಿಕೊಂಡರು. ಎದುರು ಪಕ್ಷದಿಂದ ಅದರಲ್ಲಿ ಕೂತವರು ಇಬ್ಬರೇ. ಅದು ಎಷ್ಟೇ ಸಾಕ್ಷಿ ತಂದರೂ "ನಿಮ್ಮ ಸಮಿತಿ, ನಿಮ್ಮ ವರದಿ" ಅಂತ ಅರ್ಧ ದೇಶ ಕಿವಿ ಮುಚ್ಚಿಕೊಳ್ತು.

ಜೀವಭಯದಿಂದ ಒಟ್ಟಿಗೆ ಓಡಿದವರೇ ಒಟ್ಟಿಗೆ ಕೂತು ತನಿಖೆ ಮಾಡೋಕೆ ಒಪ್ಪಲಿಲ್ಲ. ಬೆಂಗಳೂರಲ್ಲಿ ಆಗಿದ್ದೂ ಅದೇ, ಅಳತೆ ಮಾತ್ರ ಚಿಕ್ಕದು.

5/7
ಈಗ ಸ್ವಲ್ಪ ಕಾನೂನು. ಬೋರ್ ಅನ್ಬೇಡಿ, ಗಂಟು ಇಲ್ಲೇ ಇರೋದು.

ವಿಚಾರಣಾ ಆಯೋಗಗಳ ಕಾಯ್ದೆ, 1952. ಬೇಕು ಅನ್ನಿಸಿದರೆ ಸರ್ಕಾರ ಆಯೋಗ ನೇಮಿಸಬಹುದು. ಶಾಸಕಾಂಗ ನಿರ್ಣಯ ಮಾಡಿದರೆ ನೇಮಿಸಲೇಬೇಕು. ಆದ್ರೆ ನಿರ್ಣಯ ಪಾಸಾಗೋಕೆ ಬಹುಮತ ಬೇಕು, ಬಹುಮತ ಸರ್ಕಾರದ್ದೇ. ಬೀಗ, ಕೀಲಿ ಎರಡೂ ಒಂದೇ ಜೇಬಲ್ಲಿ. ನ್ಯಾಯಾಧೀಶರು ಯಾರು, ಏನನ್ನ ವಿಚಾರಿಸಬೇಕು, ಎಷ್ಟು ದಿನ, ಇದನ್ನೆಲ್ಲ ಬರೆಯೋದೂ ಸರ್ಕಾರವೇ. ವರದಿ ಬಂದ ಆರು ತಿಂಗಳೊಳಗೆ, ಏನು ಕ್ರಮ ತಗೊಂಡ್ವಿ ಅನ್ನೋ ಟಿಪ್ಪಣಿ ಜೊತೆ ವಿಧಾನಸಭೆ ಮುಂದೆ ಇಡಬೇಕು. ಶಿಫಾರಸು ಪಾಲಿಸಲೇಬೇಕು ಅಂತೇನಿಲ್ಲ.

ಇದರ ಫಲ ನೋಡಿ. 2008ರ ಸೆಪ್ಟೆಂಬರ್‌ನಲ್ಲಿ ಮಂಗಳೂರು ಕಡೆ ಚರ್ಚ್‌ಗಳ ಮೇಲೆ ದಾಳಿ ಆಯ್ತು. ಬಿಜೆಪಿ ಸರ್ಕಾರ ನ್ಯಾಯಮೂರ್ತಿ ಬಿ.ಕೆ. ಸೋಮಶೇಖರ ಆಯೋಗ ನೇಮಿಸಿತು. 2011ರ ಜನವರಿಯಲ್ಲಿ ಬಂದ ಅಂತಿಮ ವರದಿ ಸರ್ಕಾರವನ್ನೂ ಸಂಘ ಪರಿವಾರವನ್ನೂ ದೋಷಮುಕ್ತ ಮಾಡಿತು. ಕ್ರೈಸ್ತ ಸಂಘಟನೆಗಳು, ವಿರೋಧ ಪಕ್ಷಗಳು ಒಪ್ಪಲಿಲ್ಲ. 2019ರ ಡಿಸೆಂಬರ್ 19ರಂದು ಮಂಗಳೂರಲ್ಲಿ ಪೊಲೀಸ್ ಗುಂಡಿಗೆ ಇಬ್ಬರು ಸತ್ತಾಗ ಕಾಂಗ್ರೆಸ್ ನ್ಯಾಯಾಂಗ ತನಿಖೆ ಕೇಳಿತು, ಬಿಜೆಪಿ ಸರ್ಕಾರ ಮ್ಯಾಜಿಸ್ಟೀರಿಯಲ್ ತನಿಖೆ ಸಾಕು ಅಂದಿತು. 2024ರ ಸೆಪ್ಟೆಂಬರ್‌ನಲ್ಲಿ ಪಕ್ಕದ ನಾಗಮಂಗಲದಲ್ಲಿ ಗಣೇಶ ಮೆರವಣಿಗೆ ವೇಳೆ ಬೆಂಕಿ ಬಿದ್ದಾಗ ಬಿಜೆಪಿ ಎನ್‌ಐಎ ಕೇಳಿತು, ಕಾಂಗ್ರೆಸ್ ಸರ್ಕಾರ ನಮ್ಮ ಪೊಲೀಸರೇ ಸಾಕು ಅಂದಿತು. ಕುರ್ಚಿ ಬದಲಾಯ್ತು, ಡೈಲಾಗ್ ಕುರ್ಚಿಗೇ ಅಂಟಿಕೊಂಡಿತ್ತು.

ಕೇಸ್ ವಾಪಸ್ ತಗೊಳ್ಳೋದ್ರಲ್ಲೂ ಇದೇ ಕಥೆ. 2020ರಲ್ಲಿ ಬಿಜೆಪಿ ಸರ್ಕಾರ ಸಚಿವರು, ಶಾಸಕರೂ ಸೇರಿದಂತೆ ಹಲವರ ಮೇಲಿದ್ದ 61 ಕೇಸ್ ಕೈಬಿಡೋಕೆ ಹೊರಟಿತು, ಹೈಕೋರ್ಟ್ ತಡೆಯಿತು. 2024ರಲ್ಲಿ ಕಾಂಗ್ರೆಸ್ ಸರ್ಕಾರ ಹಳೇ ಹುಬ್ಬಳ್ಳಿ ಗಲಭೆಯದ್ದೂ ಸೇರಿ 43 ಕೇಸ್ ಕೈಬಿಡೋಕೆ ಆದೇಶಿಸಿತು, 2025ರಲ್ಲಿ ಹೈಕೋರ್ಟ್ ಅದನ್ನೂ ರದ್ದು ಮಾಡಿತು.

ಇದು ಇವತ್ತಿನ ರೋಗವೂ ಅಲ್ಲ. ನಮ್ಮ ಹುಣಸೂರಿನ ದೇವರಾಜ ಅರಸರು ಮುಖ್ಯಮಂತ್ರಿ ಆಗಿದ್ದಾಗ, 1977ರ ಮೇ 18ಕ್ಕೆ ರಾಜ್ಯ ಸರ್ಕಾರ ತನ್ನ ಮೇಲಿನ ಆರೋಪಗಳಿಗೆ ತಾನೇ ಒಂದು ಆಯೋಗ ಮಾಡಿತು. ಐದೇ ದಿನಕ್ಕೆ ದೆಹಲಿಯ ಜನತಾ ಸರ್ಕಾರ ಇನ್ನೊಂದು ಆಯೋಗ ಮಾಡಿತು, ಗ್ರೋವರ್ ಆಯೋಗ. ಅದು ಹಿಂಸೆಯ ವಿಷಯ ಅಲ್ಲ, ಭ್ರಷ್ಟಾಚಾರದ್ದು. ಆದ್ರೂ ಯಾರ ಆಯೋಗ ಅನ್ನೋ ಜಗಳ ಸುಪ್ರೀಂ ಕೋರ್ಟ್ ತನಕ ಹೋಯ್ತು.

6/7
"ಹಂಗಾದ್ರೆ ಆಯೋಗನೇ ಬೇಡ ಬಿಡಿ, ದುಡ್ಡು ದಂಡ. ಪೊಲೀಸ್ ಇದೆ, ಕೋರ್ಟ್ ಇದೆ" ಅಂತೀರಾ? ನಾನೂ ಹಾಗೇ ಅಂದ್ಕೊಂಡಿದ್ದೆ.

ಆದ್ರೆ ಉದಯಗಿರಿ ನೆನಪು ಮಾಡ್ಕೊಳ್ಳಿ. 2025ರ ಫೆಬ್ರವರಿ 10ರ ರಾತ್ರಿ ಠಾಣೆ ಮೇಲೆ ಕಲ್ಲು ಬಿತ್ತು, ಪೊಲೀಸರಿಗೆ ಗಾಯ ಆಯ್ತು, ಅಶ್ರುವಾಯು ಸಿಡಿಸಬೇಕಾಯ್ತು. ಶುರುವಾಗಿದ್ದು ಒಂದು ಪೋಸ್ಟ್‌ನಿಂದ. ನಮ್ಮ ನಿಮ್ಮ ಕೈಯಲ್ಲಿರೋ ಇದೇ ಫೋನಿಂದ. ಕಲ್ಲು ಹೊಡೆದವರು ಯಾರು ಅಂತ ಕೋರ್ಟ್ ನೋಡುತ್ತೆ. ಆ ಪೋಸ್ಟ್ ಅಷ್ಟು ಬೇಗ ಅಷ್ಟು ಜನರಿಗೆ ತಲುಪಿದ್ದು ಹೇಗೆ? ಜನ ಸೇರ್ತಿದ್ದಾಗ ಠಾಣೆಯಲ್ಲಿ ಎಷ್ಟು ಸಿಬ್ಬಂದಿ ಇದ್ದರು? ಸಮಾಧಾನ ಮಾಡಬಲ್ಲ ಹಿರಿಯರನ್ನ ಯಾರಾದ್ರೂ ಕರೆದರಾ? ಇದು ಕ್ರಿಮಿನಲ್ ಕೇಸಿನ ಕೆಲಸ ಅಲ್ಲ. ಮುಂದಿನ ಗಲಭೆ ತಪ್ಪೋದು ಮಾತ್ರ ಈ ಪ್ರಶ್ನೆಗಳಿಂದಲೇ.

ನನ್ನ ಅಭಿಪ್ರಾಯ ಇಷ್ಟೇ: ಆಯೋಗ ಬೇಕಾ ಬೇಡ್ವಾ ಅಂತ ಹೆಣ ನೋಡಿ ತೀರ್ಮಾನ ಮಾಡಬಾರದು. ನಿಯಮ ಮೊದಲೇ ಬರೆದಿರಬೇಕು. ರಾಜಕೀಯ ಇಲ್ಲವೇ ಕೋಮು ಹಿಂಸೆಯಲ್ಲಿ ಪ್ರಾಣ ಹೋದರೆ, ಸದನದ ಒಳಗೇ ಕೈ ಮಿಲಾಯಿಸಿದರೆ, ಯಾರೂ ಕೇಳದೆಯೇ ತನಿಖೆ ಶುರುವಾಗಬೇಕು. ಆಡಳಿತ, ವಿರೋಧ ಪಕ್ಷಗಳಿಂದ ಸಮ ಸಂಖ್ಯೆ ಇರಬೇಕು. ಅಧ್ಯಕ್ಷರು ಎರಡೂ ಕಡೆ ಒಪ್ಪಿದವರಾಗಬೇಕು. ಸಾರ್ವಜನಿಕ ಲೆಕ್ಕಪತ್ರ ಸಮಿತಿಯ ಅಧ್ಯಕ್ಷ ಸ್ಥಾನ ವಿರೋಧ ಪಕ್ಷಕ್ಕೆ ಕೊಡೋ ಸಂಪ್ರದಾಯ ಈಗಾಗಲೇ ಇದೆ. ದುಡ್ಡಿನ ಲೆಕ್ಕಕ್ಕೆ ಆ ನಂಬಿಕೆ ಸಾಧ್ಯ ಅಂದ್ರೆ ಜೀವದ ಲೆಕ್ಕಕ್ಕೆ ಯಾಕಾಗಲ್ಲ? ಕೊನೇದಾಗಿ, ವರದಿ ಕನ್ನಡದಲ್ಲಿ ಎಲ್ಲರ ಕೈಗೆ ಸಿಗಬೇಕು.

ಇಷ್ಟಾದರೂ ಪಕ್ಷ ಮೀರಿ ಯೋಚಿಸದವರು ಇದ್ದೇ ಇರ್ತಾರೆ, ನಿಜ. ಆದ್ರೆ ಕಣಕ್ಕೆ ಇಳಿದ ಮೇಲೆ ನಿಯಮ ಬರೆಯೋದಕ್ಕಿಂತ ಮೊದಲೇ ಬರೆಯೋದು ಮೇಲು. ಗಲ್ಲಿ ಕ್ರಿಕೆಟ್ ಆಡಿದ ಯಾರಿಗಾದ್ರೂ ಇದು ಗೊತ್ತು.

7/7
ನಮ್ಮೂರಿಗೆ ಬರೋಣ. 2009ರಲ್ಲಿ ಕ್ಯಾತಮಾರನಹಳ್ಳಿ ಗಲಭೆ. 2016ರ ಮಾರ್ಚ್‌ನಲ್ಲಿ ಉದಯಗಿರಿಯಲ್ಲಿ ಹಿಂದೂ ಸಂಘಟನೆಯ ಕಾರ್ಯಕರ್ತನ ಕೊಲೆ. 2019ರ ನವೆಂಬರ್‌ನಲ್ಲಿ ಮದುವೆ ಮನೆಯಲ್ಲಿ ಶಾಸಕ ತನ್ವೀರ್ ಸೇಠ್ ಅವರ ಕುತ್ತಿಗೆಗೆ ಇರಿತ. 2025ರಲ್ಲಿ ಮತ್ತೆ ಉದಯಗಿರಿ. ಈ ಪಟ್ಟಿ ಓದ್ತಾ ನಿಮ್ಮ ಮನಸ್ಸು ಯಾವುದರ ಹತ್ತಿರ ನಿಂತಿತು, ಯಾವುದನ್ನ ದಾಟಿಕೊಂಡು ಹೋಯ್ತು? ಪ್ರಾಮಾಣಿಕವಾಗಿ ನೋಡ್ಕೊಳ್ಳಿ. ದಾಟಿ ಹೋದ ಜಾಗದಲ್ಲೂ ಒಂದು ಮನೆ ಇದೆ, ಬಾಗಿಲಲ್ಲಿ ಕಾಯ್ತಾ ಕೂತ ಅಮ್ಮ ಇದ್ದಾಳೆ.

ಇನ್ನು ಫೋಟೋ. 1881ರಲ್ಲಿ ಮೈಸೂರು ಸಂಸ್ಥಾನದಲ್ಲಿ ಪ್ರಜಾಪ್ರತಿನಿಧಿ ಸಭೆ ಶುರುವಾಯ್ತು. ಅದರ ಅಧಿವೇಶನಗಳು ನಡೆದ ಜಾಗ ಈ ಜಗನ್ಮೋಹನ. 1928ರಲ್ಲಿ ಬೆಂಗಳೂರಿನ ಸುಲ್ತಾನ್‌ಪೇಟೆ ಶಾಲೆಯ ಗಣಪತಿ ವಿಚಾರಕ್ಕೆ ಗಲಭೆ ಆದಾಗ, ವಿಚಾರಣಾ ಸಮಿತಿಗೆ ಸರ್ಕಾರ ಕೂರಿಸಿದ್ದು ಮಾಜಿ ದಿವಾನ್ ವಿಶ್ವೇಶ್ವರಯ್ಯನವರನ್ನ. ಹತ್ತು ವರ್ಷದ ಹಿಂದೆಯೇ ದಿವಾನಗಿರಿ ಬಿಟ್ಟು ಹೊರಬಂದಿದ್ದವರು. ಅದು ರಾಜರ ಕಾಲ, ಈಗ ನಮ್ಮ ಕೈಯಲ್ಲಿ ವೋಟಿದೆ. ರಾಜರ ಕಾಲದಲ್ಲಿ ಆಗಿದ್ದು ಈಗ ಆಗಲ್ಲ ಅಂದ್ರೆ ನಾಚಿಕೆ ಆಗಬೇಕಾದ್ದು ನಮಗೇ.

ಒಂದು ಸಣ್ಣ ಕೆಲಸ ಕೊಡ್ತೀನಿ. ಮುಂದಿನ ಸಲ ಇಂಥ ಸುದ್ದಿ ಬಂದಾಗ ಕಾಮೆಂಟ್ ಟೈಪ್ ಮಾಡಿ, ಕಳಿಸೋ ಮೊದಲು ಪಕ್ಷದ ಹೆಸರು, ಸತ್ತವರ ಹೆಸರು ಎರಡನ್ನೂ ಅದಲು ಬದಲು ಮಾಡಿ ಓದಿ. ಆಗಲೂ ಅದೇ ಮಾತು ಹೇಳ್ತೀರಾ? ಹಾಗಾದ್ರೆ ಕಳಿಸಿ. ಇಲ್ಲಾಂದ್ರೆ ಅಳಿಸಿ.

ನನ್ನ ಹಳೇ ಮೆಸೇಜ್ ನಾನು ಅಳಿಸಿಲ್ಲ. ಸ್ಕ್ರೀನ್‌ಶಾಟ್ ಕೊನೇ ಸ್ಲೈಡ್‌ನಲ್ಲಿದೆ. ಬೈಯ್ಯೋರು ಬೈಯ್ಬಹುದು. ಆ ಇಬ್ಬರನ್ನೂ ಟ್ಯಾಗ್ ಮಾಡಿಲ್ಲ. ಅವರೇ ಓದ್ತಾರೆ, ಗೊತ್ತು. ಸಂಜೆ ಮಸಾಲೆ ಪುರಿ ನನ್ನ ಲೆಕ್ಕ, ಇಬ್ಬರೂ ಬನ್ನಿ.

#ಮೈಸೂರು #ಕನ್ನಡ #ನಮ್ಮಪ್ರಶ್ನೆ