ಗುಡ್ಡೆ ಸವರುವ ಮುನ್ನ ಎರಡು ಮಾತು

ಮಳೆಗಾಲ ಮುಗಿದು ನೆಲ ಒಣಗತೊಡಗಿತೆಂದರೆ ನಮ್ಮ ಕಾಸರಗೋಡು ಜಿಲ್ಲೆಯ ಗುಡ್ಡೆಗಳಲ್ಲಿ ಜೆಸಿಬಿಯ ಸದ್ದು ಕೇಳಿಸತೊಡಗುತ್ತದೆ. ಹತ್ತಿಪ್ಪತ್ತು ವರ್ಷ ಯಾರೂ ಕತ್ತಿ ತಾಗಿಸದೆ ಬಿಟ್ಟ ಜಾಗ ಎರಡೇ ದಿನಗಳಲ್ಲಿ ಬೋಳಾಗುತ್ತದೆ. ಬೆಲೆ ಬರುವ ಮರ ಲಾರಿ ಏರುತ್ತದೆ. ಉಳಿದ ಗೆಲ್ಲು, ಪೊದೆ, ಬೇರುಗಳನ್ನು ಒಂದೆಡೆ ರಾಶಿ ಹಾಕಿ ಬೆಂಕಿ ಕೊಡುತ್ತಾರೆ. ಮೂರನೆಯ ದಿನ ಕೆಂಪು ಮುರಕಲ್ಲಿನ ಮೈ ಬಿಸಿಲಿಗೆ ಕಾಣುತ್ತದೆ. ಇದನ್ನೇ ಈಗ ‘ಜಾಗ ಚೊಕ್ಕ ಮಾಡುವುದು’ ಎನ್ನುತ್ತಾರೆ. ಈ ಚೊಕ್ಕತನದ ಬಗ್ಗೆ ಎರಡು ಮಾತು ಹೇಳಬೇಕೆಂದು ನಮಗೆ ತೋರಿದೆ.

ಯಾರೂ ತಮ್ಮ ಜಾಗದ ಕಾಡು ಕಡಿಯಬಾರದು ಎಂಬ ವಾದ ನಮ್ಮದಲ್ಲ. ಮನೆ ಕಟ್ಟಬೇಕು, ಮಗಳ ಮದುವೆಯಾಗಬೇಕು, ಅಣ್ಣತಮ್ಮಂದಿರ ಪಾಲಾಗಬೇಕು. ಮಕ್ಕಳು ಮಂಗಳೂರು, ಬೆಂಗಳೂರು ಸೇರಿದ ಮೇಲೆ ಗುಡ್ಡೆಯನ್ನು ನೋಡಿಕೊಳ್ಳುವವರಾದರೂ ಯಾರು? ಈ ಕಷ್ಟಗಳನ್ನು ನಾವು ಬಲ್ಲೆವು. ಆದರೆ ಈ ಗುಡ್ಡೆಗಳಲ್ಲಿ ಕಾಡು ಬೆಳೆದುದೇಕೆ ಎಂಬುದನ್ನೂ ನೆನೆಯಬೇಕು. ಹಿಂದೆ ಇದು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದಾಗ ವರ್ಗದ ಜಾಗಕ್ಕೆ ತಾಗಿ ನೂರು ಗಜದ ಕುಮ್ಕಿಯ ಸೌಲಭ್ಯವಿತ್ತು. ಅಲ್ಲಿಂದ ಸೊಪ್ಪು ಬರುತ್ತಿತ್ತು. ಸೊಪ್ಪು ಹಟ್ಟಿಗೆ, ಹಟ್ಟಿಗೊಬ್ಬರ ಅಡಿಕೆ ತೋಟಕ್ಕೆ. ವರ್ಷವರ್ಷ ಸವರುತ್ತಿದ್ದುದರಿಂದ ಗುಡ್ಡೆ ಹಿಡಿತದಲ್ಲಿತ್ತು. ದನ ಹೋಯಿತು, ಹಟ್ಟಿ ಬರಿದಾಯಿತು, ಸೊಪ್ಪು ತರುವವರೂ ಇಲ್ಲವಾದರು. ಗುಡ್ಡೆ ಕಾಡಾಯಿತು. ಹೀಗೆ ಬೆಳೆದ ಕಾಡು ತೋಟಕ್ಕೆ ಸಲ್ಲಬೇಕಾಗಿದ್ದ ಗೊಬ್ಬರದ ಗಂಟು. ಅದಕ್ಕೆ ಬೆಂಕಿ ಇಡುವುದು ಕಣಜಕ್ಕೇ ಬೆಂಕಿ ಇಟ್ಟಂತೆ.

‘ಹಿರಿಯರೂ ಸುಡುಮಣ್ಣು ಮಾಡುತ್ತಿದ್ದರಲ್ಲವೇ?’ ಎಂದು ಕೆಲವರು ಕೇಳಬಹುದು. ನಿಜ. ಆದರೆ ಅವರು ತರಗೆಲೆಯ ಮೇಲೆ ಮಣ್ಣು ಮುಚ್ಚಿ, ತರಕಾರಿ ಸಾಲಿಗೆ ಬೇಕಾದಷ್ಟನ್ನೇ ನಿಧಾನವಾಗಿ ಸುಡುತ್ತಿದ್ದರು. ಇಡೀ ಗುಡ್ಡೆಯ ಹಸಿರನ್ನು ಒಂದೇ ರಾತ್ರಿ ಉರಿಸುತ್ತಿರಲಿಲ್ಲ. ದೊಡ್ಡ ಬೆಂಕಿಯಲ್ಲಿ ಸಾರಜನಕದ ಬಹುಪಾಲು ಹೊಗೆಯೊಡನೆ ಹಾರಿಹೋಗುತ್ತದೆ. ಬೂದಿಯಲ್ಲಿ ಪೊಟ್ಯಾಷ್ ಉಳಿಯುತ್ತದೆ, ಅದೂ ಜೂನ್ ತಿಂಗಳ ಮೊದಲ ಜಡಿಮಳೆಗೆ ತೋಡು ಸೇರುತ್ತದೆ. ನಮ್ಮಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುತ್ತದೆ, ಅದರಲ್ಲಿ ಹೆಚ್ಚಿನದೂ ನಾಲ್ಕೇ ತಿಂಗಳಲ್ಲಿ. ಜೆಸಿಬಿ ಕೆದಕಿದ ಇಳಿಜಾರಿನ ಮೇಲ್ಮಣ್ಣು ಈ ಮಳೆಗೆ ನಿಲ್ಲುವುದುಂಟೇ? ಮುರಕಲ್ಲಿನ ಮೇಲಿರುವ ಮಣ್ಣು ಮೊದಲೇ ತೆಳು. ಒಮ್ಮೆ ಹೋದರೆ ನಮ್ಮ ಜೀವಮಾನದಲ್ಲಿ ಅದು ಮರಳುವುದಿಲ್ಲ.

ಇದು ಜಾಗದ ಒಡೆಯನೊಬ್ಬನ ನಷ್ಟವಷ್ಟೇ ಅಲ್ಲ. ಬಾಯಾರು, ಎಣ್ಮಕಜೆ ಮೊದಲಾದ ಕಡೆಗಳಲ್ಲಿ ಗುಡ್ಡೆಯ ಹೊಟ್ಟೆಗೆ ಅಡ್ಡಲಾಗಿ ಕೊರೆದ ಸುರಂಗಗಳಿವೆ. ಪಂಪಿಲ್ಲ, ಕರೆಂಟಿಲ್ಲ, ನೀರು ತಾನಾಗಿ ಹರಿದು ಬರುತ್ತದೆ. ಆದರೆ ಸುರಂಗಕ್ಕೆ ನೀರು ಬರಬೇಕಾದರೆ ಮೇಲಿನ ಗುಡ್ಡೆ ಮಳೆಯನ್ನು ಕುಡಿಯಬೇಕು. ಮೇಲೆ ಬೋಳಿಸಿದವನೊಬ್ಬ, ಕೆಳಗೆ ಬಾಯಾರುವವನು ಇನ್ನೊಬ್ಬ. ನೆರೆಮನೆಯ ನೀರಿನ ಪ್ರಶ್ನೆ ಇದರಲ್ಲಿದೆ ಎಂಬುದನ್ನು ನಾವು ಒತ್ತಿ ಹೇಳಬೇಕಾಗಿದೆ.

ಹಾಗಾದರೆ ದಾರಿ ಯಾವುದು? ಗೆಲ್ಲುಗಳನ್ನು ಚೂರು ಮಾಡುವ ಯಂತ್ರ ಈಗ ಬಂದಿದೆ. ಚಿಪ್ಪರ್ ಎಂದು ಅದನ್ನು ಕರೆಯುತ್ತಾರೆ. ತಿರುಗುವ ಉರುಳೆ ಅಥವಾ ಚಕ್ರಕ್ಕೆ ಹರಿತವಾದ ಅಲಗುಗಳಿರುತ್ತವೆ. ಒಂದು ಬಾಯಿಯಿಂದ ಗೆಲ್ಲು ನೂಕಿದರೆ ಇನ್ನೊಂದು ಬಾಯಿಯಿಂದ ಬೆರಳಿನುಗುರಿನಷ್ಟು ಚೂರುಗಳು ಹಾರಿ ಬೀಳುತ್ತವೆ. ಸ್ವಂತ ಎಂಜಿನಿನಿಂದ ಓಡುವ ಚಿಕ್ಕ ಯಂತ್ರಗಳೂ, ಟ್ರ್ಯಾಕ್ಟರಿಗೆ ಜೋಡಿಸುವ ದೊಡ್ಡ ಯಂತ್ರಗಳೂ ಇವೆ. ಜಾಗಕ್ಕೆ ಕತ್ತಿಯವರನ್ನು ಕರೆಸಿ, ಬೇಡದ್ದನ್ನು ಬುಡಕ್ಕೆ ಕಡಿದು, ಬೇರನ್ನು ಮಣ್ಣಿನಲ್ಲೇ ಬಿಟ್ಟು, ಗೆಲ್ಲುಗಳನ್ನು ಅಲ್ಲಿಯೇ ಚೂರು ಮಾಡಿ ನೆಲಕ್ಕೆ ಹಾಸಿದರೆ ಹೊಗೆಯೂ ಇಲ್ಲ, ಮಣ್ಣಿನ ಸವಕಳಿಯೂ ಕಡಿಮೆ. ಬೇರು ಮಣ್ಣನ್ನು ಹಿಡಿಯುತ್ತದೆ, ಹಾಸು ಮಳೆಯ ಹೊಡೆತವನ್ನು ತಡೆಯುತ್ತದೆ.

ಈ ಚೂರನ್ನು ಬಳಸುವುದಕ್ಕೂ ಕ್ರಮವಿದೆ. ಹಸಿ ಚೂರನ್ನು ಮಣ್ಣಿನೊಳಗೆ ಬೆರೆಸಬಾರದು. ಮರದಲ್ಲಿ ಇಂಗಾಲ ಬಹಳ, ಸಾರಜನಕ ತೀರ ಕಡಿಮೆ. ಅದನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಎಳೆದುಕೊಳ್ಳುತ್ತವೆ, ಗಿಡ ಹಳದಿಯಾಗುತ್ತದೆ. ಮೇಲೆ ಮೂರು ನಾಲ್ಕು ಇಂಚು ಹಾಸಿದರೆ ಈ ತೊಂದರೆ ಇಲ್ಲ. ಒರಲೆಯ ಕಾಟವಿರುವಲ್ಲಿ ಮನೆಯ ಪಂಚಾಂಗದಿಂದಲೂ ಎಳೆಯ ಗಿಡಗಳ ಬುಡದಿಂದಲೂ ದೂರವಿಡಬೇಕು. ಇಳಿಜಾರಿನಲ್ಲಿ ಅಡ್ಡ ಸಾಲಾಗಿ ಹಾಕಬೇಕು, ಇಲ್ಲವಾದರೆ ಮಳೆಯಲ್ಲಿ ತೇಲಿಹೋದೀತು. ಸೆಗಣಿ ಬೆರೆಸಿ ಗುಂಡಿಯಲ್ಲಿ ಕೊಳೆಯಿಸಿದರೆ ಒಳ್ಳೆಯ ಗೊಬ್ಬರವೇ ಆಗುತ್ತದೆ. 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಆರಂಭಗೊಂಡು 1970ರಲ್ಲಿ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯಾದ ನಮ್ಮ ಕಾಸರಗೋಡಿನ ಸಂಸ್ಥೆಯೇ ತೆಂಗಿನ ಮಡಲಿನಿಂದ ಎರೆಗೊಬ್ಬರ ಮಾಡುವ ವಿಧಾನವನ್ನು ರೈತರಿಗೆ ಕಲಿಸಿಕೊಟ್ಟಿದೆ. ಮನೆಬಾಗಿಲಿನ ವಿದ್ಯೆಯನ್ನು ಬಿಟ್ಟು ಬೆಂಕಿಪೊಟ್ಟಣ ಹುಡುಕುವುದೇಕೆ?

ಯಂತ್ರದ ಬಗ್ಗೆ ಎಚ್ಚರಿಕೆಯೂ ಬೇಕು. ಲುಂಗಿ, ಹೆಗಲ ಮೇಲಿನ ಬೈರಾಸು ಇವು ಈ ಯಂತ್ರದ ಬಳಿ ಅಪಾಯ. ಗೆಲ್ಲಿಗೆ ಬಟ್ಟೆ ಸಿಕ್ಕಿದರೆ ಮನುಷ್ಯನನ್ನೂ ಎಳೆದುಕೊಂಡೀತು. ಸಿಕ್ಕಿಬಿದ್ದ ಗೆಲ್ಲನ್ನು ಕೈಯಿಂದ ನೂಕದೆ ಕೋಲಿನಿಂದ ನೂಕಬೇಕು. ಕಣ್ಣಿಗೆ ಕನ್ನಡಕ, ಕಿವಿಗೆ ರಕ್ಷಣೆ ಇರಲೇಬೇಕು. ಹಳೆಯ ಬೇಲಿಯ ಮುಳ್ಳುತಂತಿ ಮರದೊಳಗೆ ಹುದುಗಿದೆಯೇ ಎಂದು ಮೊದಲೇ ನೋಡಬೇಕು. ಮುಖ್ಯವಾಗಿ ಚೇರೆಮರವನ್ನು ಈ ಯಂತ್ರಕ್ಕೆ ಹಾಕಲೇಬಾರದು. ಅದರ ಸೊನೆ ತಾಗಿದರೆ ಮೈ ಬೊಬ್ಬೆಯೇಳುವುದು ನಮ್ಮವರಿಗೆ ಗೊತ್ತು. ಚೂರಾಗಿ ಹಾರಿದರೆ ಸುತ್ತ ನಿಂತವರೆಲ್ಲರ ಗತಿಯೇನು? ಹೊರಗಿನಿಂದ ಬಂದ ಕೆಲಸದವರಿಗೆ ಇದು ತಿಳಿಯದು, ತಿಳಿಸುವ ಹೊಣೆ ಒಡೆಯನದು.

ಇಲ್ಲಿಯೇ ನಮ್ಮ ಇನ್ನೊಂದು ಚಿಂತೆ. ಚೇರೆ ಯಾವುದು, ಹೊನ್ನೆ ಯಾವುದು, ಹೆಬ್ಬಲಸು ಯಾವುದು ಎಂದು ಗುರುತಿಸುವ ಮಕ್ಕಳು ನಮ್ಮ ತರಗತಿಗಳಲ್ಲಿ ಕಡಿಮೆಯಾಗುತ್ತಿದ್ದಾರೆ. ಕನ್ನಡ ಮಾಧ್ಯಮದಲ್ಲಿ ಪಾಠ ಹೇಳುವ ನಾವು ಕುಂಟಾಲ, ಕೇಪಳ, ಪುನರ್ಪುಳಿ ಎಂಬ ಶಬ್ದಗಳನ್ನು ಕಪ್ಪುಹಲಗೆಯಲ್ಲಿ ಬರೆಯಬಹುದು. ತೋರಿಸಲು ಗಿಡವೇ ಇಲ್ಲದಿದ್ದರೆ ಶಬ್ದ ಎಷ್ಟು ದಿನ ಬಾಳೀತು? ಕಾಸರಕದ ಮರಗಳಿಂದಲೇ ಈ ಊರಿಗೆ ಹೆಸರು ಬಂತೆಂದು ಹೇಳುವವರಿದ್ದಾರೆ. ಹೆಸರು ಕೊಟ್ಟ ಮರವನ್ನೇ ಅರಿಯದ ಪೀಳಿಗೆ ನಮ್ಮದಾಗದಿರಲಿ. ಆದ್ದರಿಂದ ಜಾಗ ಸವರುವ ಮುನ್ನ ಮನೆಯ ಹಿರಿಯರನ್ನೂ ಮಕ್ಕಳನ್ನೂ ಕರೆದುಕೊಂಡು ಒಂದು ಸುತ್ತು ನಡೆಯಿರಿ. ಉಳಿಯಬೇಕಾದ ಮರಗಳಿಗೆ ಸುಣ್ಣದ ಗುರುತು ಹಾಕಿರಿ. ನಾಗಬನದ ಸುತ್ತಲಿನದನ್ನೂ ಸುರಂಗದ ಮೇಲಿನದನ್ನೂ ಮುಟ್ಟಬೇಡಿ.

ಕಾನೂನನ್ನೂ ಮರೆಯುವಂತಿಲ್ಲ. ನಮ್ಮದೇ ಜಾಗದಲ್ಲಿದ್ದರೂ ಗಂಧದ ಮರವನ್ನು ಅನುಮತಿಯಿಲ್ಲದೆ ಕಡಿಯಬಾರದು. ಸರಕಾರದಿಂದ ಪಟ್ಟೆ ಸಿಕ್ಕಿದ ಜಾಗದಲ್ಲಿ ಬೀಟೆಯಂಥ ಮರಗಳಿಗೆ ಬೇರೆಯೇ ನಿಯಮ. 2020ರ ಅಕ್ಟೋಬರಿನ ಸರಕಾರಿ ಆದೇಶವೊಂದರ ಮರೆಯಲ್ಲಿ ವಯನಾಡಿನ ಮುಟ್ಟಿಲಿನಲ್ಲಿ ಬೀಟೆ ಮರಗಳು ಉರುಳಿದವು. 2021ರಲ್ಲಿ ಆದೇಶ ರದ್ದಾಯಿತು, ಕೇಸುಗಳು ಉಳಿದವು. ವ್ಯಾಪಾರಿಯ ಬಾಯಿಮಾತನ್ನು ನಂಬಿ ಸಹಿ ಹಾಕುವ ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸುವುದು ಕ್ಷೇಮ.

ಯಂತ್ರ ಕೊಳ್ಳುವುದು ಒಬ್ಬ ಸಣ್ಣ ಕೃಷಿಕನಿಗೆ ಭಾರವೇ ಸರಿ. ಆದರೆ ವರ್ಷಕ್ಕೆ ನಾಲ್ಕು ದಿನದ ಕೆಲಸಕ್ಕೆ ಮನೆಗೊಂದು ಯಂತ್ರ ಏಕೆ? ಹತ್ತು ಮನೆಯವರು ಸೇರಿ ಒಂದನ್ನು ಕೊಳ್ಳಬಹುದು, ಸಹಕಾರಿ ಸಂಘಗಳು ಬಾಡಿಗೆಗೆ ಇಡಬಹುದು. ಕೃಷಿ ಯಂತ್ರಗಳಿಗೆ ಸಹಾಯಧನ ನೀಡುವುದಕ್ಕೂ ಬಾಡಿಗೆ ಕೇಂದ್ರಗಳನ್ನು ತೆರೆಯುವುದಕ್ಕೂ ಕೇಂದ್ರ ಸರಕಾರ 2014-15ರಿಂದ ಯೋಜನೆ ನಡೆಸಿಕೊಂಡು ಬಂದಿದೆ. ಪಂಚಾಯತಿನ ಕೃಷಿ ಭವನದಲ್ಲಿ ವಿಚಾರಿಸಿರಿ. ಅಲ್ಲಿ ಕೊಡುವ ಅರ್ಜಿ ಅರ್ಥವಾಗದಿದ್ದರೆ ನಾಚಿ ಹಿಂದೆ ಬರಬೇಡಿ, ಕನ್ನಡದಲ್ಲಿಯೇ ಬರೆದುಕೊಡಿ. ಸಂವಿಧಾನದ 350ನೆಯ ವಿಧಿಯೂ 1969ರ ಕೇರಳದ ಅಧಿಕೃತ ಭಾಷಾ ಕಾಯಿದೆಯೂ ನಮಗೆ ಆಧಾರವಾಗಿವೆ. ಸೌಲಭ್ಯ ಇದ್ದೂ ಭಾಷೆಯ ತೊಡಕಿನಿಂದ ಅದು ನಮ್ಮವರ ಅಂಗಳ ತಲುಪದಿರುವುದು ಹೊಸ ಸಂಗತಿಯಲ್ಲ. ಅರ್ಜಿ ನಮೂನೆಗಳನ್ನೂ ಯಂತ್ರದ ಸುರಕ್ಷಾ ಸೂಚನೆಗಳನ್ನೂ ಕನ್ನಡದಲ್ಲಿ ಒದಗಿಸುವತ್ತ ಸಂಬಂಧಪಟ್ಟವರು ಗಮನ ಹರಿಸುವರೇ?

ಎಂಡೋಸಲ್ಫಾನಿನ ಪಾಠ ಕಲಿತ ಜಿಲ್ಲೆ ನಮ್ಮದು. ಗೇರು ತೋಟಗಳಲ್ಲಿ 2000ದವರೆಗೂ ವಿಮಾನದಿಂದ ಸಿಂಪಡಿಸಿದ ವಿಷದ ಫಲವನ್ನು ಕೆಳಗಿನ ಮನೆಗಳು ಇಂದಿಗೂ ಉಣ್ಣುತ್ತಿವೆ. ಮೇಲಿನ ಜಾಗದಲ್ಲಿ ಸುಲಭವೆಂದು ಮಾಡಿದ್ದು ಕೆಳಗಿನವರಿಗೆ ಏನಾದೀತು ಎಂದು ನಮಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಜಾಗ ನಮ್ಮದಾದರೂ ಅದರ ಮೇಲೆ ಬಿದ್ದ ಮಳೆ ಊರಿನದು. ಈ ವರ್ಷ ಗುಡ್ಡೆ ಸವರುವವರು ಜೆಸಿಬಿಯವನಿಗೆ ಫೋನು ಮಾಡುವ ಮೊದಲು ಕೆಳಗಿನ ಮನೆಯವರನ್ನು ಒಂದು ಮಾತು ಕೇಳುವ ಪದ್ಧತಿ ಬೆಳೆಯಲಿ.